ತ್ಯಾಗಕ್ಕೆ ಪಿ.ಎಫ್. ಉಂಟೇ?

ಮಂಗಳೂರಿನ ಒಂದು ಗ್ಯಾಲರಿಯಲ್ಲಿ ಲೇಬಲ್ ಬರೆಯುವುದು ನನ್ನ ಕೆಲಸ. ಕಾಗದದ ಮೇಲೆ ಅಷ್ಟೇ. ಕೃತಿಗಳ ಸ್ಥಿತಿ ದಾಖಲಿಸುವ ಕಂಡಿಷನ್ ರಿಪೋರ್ಟ್, ಪ್ರದರ್ಶನದ ಪರಿಚಯವಾಗಿ ಗೋಡೆಗೆ ಅಂಟಿಸುವ ವಾಲ್ ಟೆಕ್ಸ್ಟ್, ಮುಖ್ಯ ಅತಿಥಿಗೆ ಕಾರು, ಮಳೆಗಾಲದಲ್ಲಿ ಫ್ರೇಮಿನ ಹಿಂದೆ ಬೂಷ್ಟು ಹಿಡಿದಿದೆಯೇ ಎಂದು ಇಣುಕುವುದು, ಎಲ್ಲವೂ ನನ್ನ ತಲೆಗೇ.

ಕಳೆದ ಜುಲೈಯಲ್ಲಿ ಕರಾವಳಿಯ ಏಳು ಮಂದಿ ಕಲಾವಿದೆಯರ ಪ್ರದರ್ಶನವಿತ್ತು. ವಾಲ್ ಟೆಕ್ಸ್ಟ್ ಬರೆದು ನಾನು ಸ್ವಲ್ಪ ಬೀಗಿದ್ದೆ. ಕಲಾವಿದೆ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ರಿಂದ 2004ರವರೆಗೆ ಮಾಡಿದ ಛಾಯಾಚಿತ್ರಗಳಲ್ಲಿ ರವಿವರ್ಮನ ನಾಯಕಿಯಾಗಿ, ಪೊಲೀಸರ ಕೈಗೆ ಸಿಕ್ಕ ಕಳ್ಳಿಯಾಗಿ, ಹೆಣ್ಣಿಗೆಂದು ಮೊದಲೇ ಎರೆದಿಟ್ಟ ಅಚ್ಚುಗಳೊಳಗೆ ತಾವೇ ಹೊಕ್ಕು ಅಣಕಿಸಿದ್ದನ್ನು ಬರೆದಿದ್ದೆ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡರು ಸೆಗಣಿ, ಸೂಜಿ, ಕುಂಕುಮ ಬಳಿದ ನೂಲನ್ನು ಕಲೆಗೆ ತಂದದ್ದನ್ನು ಬರೆದಿದ್ದೆ. ಅಮೆರಿಕದ ಕಲಾವಿದೆ ಮರ್ಲ್ ಲೇಡರ್ಮನ್ ಯೂಕಲೀಸ್ ಮಗು ಹುಟ್ಟಿದ ಮೇಲೆ, 1969ರಲ್ಲಿ, ಗುಡಿಸುವುದು ಒರೆಸುವುದು ಕೂಡ ಕಲೆಯೇ ಎಂದು ಪ್ರಣಾಳಿಕೆ ಬರೆದು, 1973ರಲ್ಲಿ ಹಾರ್ಟ್‌ಫರ್ಡಿನ ವಸ್ತುಸಂಗ್ರಹಾಲಯದ ಮೆಟ್ಟಿಲುಗಳನ್ನು ತೊಳೆದದ್ದನ್ನಂತೂ ಕೊನೆಯ ಪ್ಯಾರಾಕ್ಕೆಂದೇ ಕಾದಿರಿಸಿದ್ದೆ. ಗೋಡೆಗೆ ಅಂಟಿಸುವ ವಿನೈಲ್ ಅಕ್ಷರ ಕತ್ತರಿಸುವವನ ಯಂತ್ರಕ್ಕೆ ನುಡಿ ತಂತ್ರಾಂಶದ್ದು ಬಿಟ್ಟು ಬೇರೆ ಅಕ್ಷರ ಹಿಡಿಸುವುದಿಲ್ಲ. ಯೂನಿಕೋಡಿನಿಂದ ಬದಲಿಸುವಾಗ ಅರ್ಕಾವತ್ತುಗಳೆಲ್ಲ ಕಳಚಿ ಬಿದ್ದವು. ‘ಆರ್ನಿ’, ‘ಮರ್ಲ್’ ಎರಡನ್ನೂ ಸರಿಪಡಿಸುವಷ್ಟರಲ್ಲಿ ರಾತ್ರಿ ಹನ್ನೊಂದಾಗಿತ್ತು.

ಲೇಬಲ್‌ಗಳು ಉಳಿದಿದ್ದವು. ಬಂಟ್ವಾಳ ಕಡೆಯ ಒಬ್ಬ ಹುಡುಗಿಯ ಕೃತಿ: ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ ಬೀಡಿ ತಡ್ಪೆ, ಅಂದರೆ ಬೀಡಿ ಕಟ್ಟುವವರ ಮೊರ, ಅದರಲ್ಲಿ ಇಪ್ಪತ್ತೈದು ಬೀಡಿಗಳ ನಲವತ್ತು ಕಟ್ಟು, ಪಕ್ಕದಲ್ಲಿ ಬೀಡಿ ಕಂಪನಿಯ ಬ್ರಾಂಚಿನ ಹಳೆಯ ಪಾಸ್‌ಬುಕ್. ಆಕೆ ಎರಡು ಪುಟ ಟಿಪ್ಪಣಿ ಕಳಿಸಿದ್ದಳು. ಮ್ಯಾನೇಜರರ ಅಪ್ಪಣೆ, “ನಲವತ್ತು ಪದ, ಮನ ಮುಟ್ಟಬೇಕು.” ಟಿಪ್ಪಣಿಯನ್ನು ಪೂರ್ತಿ ಓದದೆ ಬರೆದೆ: ‘ಸಂಸಾರಕ್ಕಾಗಿ ಸವೆದ ತಾಯಿಯ ಮೌನ ತ್ಯಾಗದ ಕಥನ.’ ಇಂಥ ಸಾಲು ನನಗೆ ನಿದ್ದೆಯಲ್ಲೂ ಬರುತ್ತದೆ. ಅಂದು ಬಂದದ್ದೂ ಹಾಗೆಯೇ.

ಉದ್ಘಾಟನೆ ಐದೂವರೆಗೆ. ಐದಕ್ಕೇ ಆ ಹುಡುಗಿಯ ಅಮ್ಮ ಬಂದರು. ಕೊಡೆಯಿಂದ ನೀರು ಸೋರುತ್ತಿತ್ತು. ಅದನ್ನು ಎಲ್ಲಿಡಬೇಕೆಂದು ಕೇಳಿ, ಮೂಲೆಯಲ್ಲಿಟ್ಟು, ನೇರವಾಗಿ ತಡ್ಪೆಯ ಮುಂದೆ ನಿಂತರು. ಆಮೇಲೆ ಲೇಬಲ್ಲಿನ ಮೇಲೆ ಬೆರಳಿಟ್ಟು ಒಂದೊಂದೇ ಪದ ಓದತೊಡಗಿದರು. ನಾನು ಪಕ್ಕದಲ್ಲೇ ಇದ್ದೆ, ಮೆಚ್ಚುಗೆಗೆ ಕಾಯುತ್ತಾ.

“ಮೌನ ಯಾರದ್ದು?” ಎಂದರು.

ನಿಮ್ಮದೇ ಎನ್ನಲು ಬಾಯಿ ಬರಲಿಲ್ಲ.

“ನಾಲ್ಕು ಜನ ಸೇರಿ ಕಟ್ಟುತ್ತಿದ್ದೆವು. ನಮ್ಮ ಮಾತಿನ ಗಲಾಟೆಗೆ ಇವಳ ಅಪ್ಪ ಅಂಗಳಕ್ಕೆ ಹೋಗಿ ಕೂರುತ್ತಿದ್ದರು.” ಬೆರಳು ಮುಂದಿನ ಪದಕ್ಕೆ ಸರಿಯಿತು. “ತ್ಯಾಗ. ಅಲ್ಲ ಮಗಳೇ, ತ್ಯಾಗಕ್ಕೆ ಪಿ.ಎಫ್. ಉಂಟೇ? ನನಗೆ ಉಂಟು. ಆ ಪುಸ್ತಕ ನೋಡಿದರೆ ಗೊತ್ತಾಗುತ್ತದೆ.”

ಪುಸ್ತಕ ನಾನು ನೋಡಿದ್ದೆ. ಅದರ ಅಂಚು ಹರಿದಿದೆ ಎಂದು ಕಂಡಿಷನ್ ರಿಪೋರ್ಟಿನಲ್ಲಿ ದಾಖಲಿಸಿದ್ದೆ. ಒಳಗೆ ಏನಿದೆ ಎಂದು ನೋಡಿರಲಿಲ್ಲ. ಎದುರಿನ ಗೋಡೆಯಲ್ಲಿ, ಮೂರು ಅಡಿ ಅಗಲದಲ್ಲಿ, ಮನೆಗೆಲಸವೂ ಕೆಲಸವೇ ಎಂದ ಯೂಕಲೀಸ್ ಇದ್ದರು. ಅಕ್ಷರ ಅಕ್ಷರವನ್ನೂ ನಾನೇ ಅಂಟಿಸಿದ್ದು. ಸಂಬಳಕ್ಕೆ ದುಡಿದವರನ್ನು ಕೂಡ ನಾನು ಪೂಜೆಯ ಪಟದೊಳಗೆ ಕೂರಿಸಿದ್ದೆ.

ಕಿತ್ತು ತೆಗೆಯೋಣ ಎಂದು ಎಳೆದೆ. ಡಬಲ್ ಟೇಪಿನೊಂದಿಗೆ ಅಂಗೈಯಗಲ ಬಣ್ಣವೂ ಬಂತು. ಹೊರಗೆ ಮುಖ್ಯ ಅತಿಥಿಯ ಕಾರಿನ ಬಾಗಿಲು ಮುಚ್ಚಿದ ಸದ್ದು. ಮ್ಯಾನೇಜರ್ ಒಳಗೆ ಬಂದು ಗೋಡೆ ನೋಡಿದರು, ನನ್ನನ್ನು ನೋಡಿದರು, ದೀಪ ಹಚ್ಚಲು ಹೊರಟುಹೋದರು. ಬಿಳಿ ಕಾರ್ಡ್ ತೆಗೆದು, “ಏನು ಬರೆಯಲಿ ಅಮ್ಮ?” ಎಂದೆ.

“ಬೀಡಿ ಎಲೆ, ಹೊಗೆಸೊಪ್ಪು, ನೂಲು. ಕಟ್ಟಿದ್ದು ನಾನು. ಗೋಡೆಗೆ ಹೊಡೆದದ್ದು ಇವಳು.”

ಮಗಳ ಮುಖ ಕೆಂಪಾಯಿತು. ಅವಳು ಕೊಟ್ಟ ವಿವರದಲ್ಲೂ ಅಮ್ಮನ ಹೆಸರಿರಲಿಲ್ಲ. ಈ ತಪ್ಪಿನಲ್ಲಿ ನನಗೆ ಜೊತೆ ಸಿಕ್ಕಿತೆಂದು ಒಳಗೊಳಗೇ ಸಮಾಧಾನವಾಯಿತು, ಸುಳ್ಳು ಹೇಳುವುದಿಲ್ಲ. ಇಬ್ಬರ ಹೆಸರನ್ನೂ ಕೈಬರಹದಲ್ಲೇ ಬರೆದು ಬಣ್ಣ ಹೋದ ಜಾಗದ ಮೇಲೆ ಅಂಟಿಸಿದೆ. ಪುಟ್ಟಿಯ ಖರ್ಚು ನನ್ನ ಲೆಕ್ಕಕ್ಕೇ ಬಿತ್ತು. ಕಲಾವಿದರ ಟಿಪ್ಪಣಿಯನ್ನು ಕೊನೆಯ ಸಾಲಿನವರೆಗೆ ಓದದೆ ಈಗ ಲೇಬಲ್ ಬರೆಯುವುದಿಲ್ಲ. ‘ಮನ ಮುಟ್ಟಬೇಕು’ ಎಂಬ ಅಪ್ಪಣೆ ಮಾತ್ರ ಇನ್ನೂ ಜಾರಿಯಲ್ಲಿದೆ.

ಭಾಷಣ ನಡೆಯುತ್ತಿದ್ದಾಗ ಆ ಅಮ್ಮ ಮತ್ತೆ ತಡ್ಪೆಯ ಹತ್ತಿರ ಹೋಗಿ, ಒಂದು ಕಟ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ನನ್ನನ್ನು ಕಣ್ಣಿನಲ್ಲೇ ಕರೆದರು.

“ಇದರಲ್ಲಿ ಇಪ್ಪತ್ತನಾಲ್ಕೇ ಇದೆ. ಬ್ರಾಂಚಿನಲ್ಲಾದರೆ ಕಟ್ಟೇ ರಿಜೆಕ್ಟ್.”

ನನ್ನ ರಿಪೋರ್ಟಿನಲ್ಲಿ ‘40 x 25, ಸುಸ್ಥಿತಿ’ ಎಂದಿತ್ತು. ಬಾಗಿಲ ಹೊರಗೆ, ಟ್ರ್ಯಾಕ್ ಲೈಟ್ ಕಟ್ಟಲು ಬಂದಿದ್ದ ಇಲೆಕ್ಟ್ರಿಷಿಯನ್ ಮಳೆ ನೋಡುತ್ತಾ ನಿಂತಿದ್ದ. ಹೊಗೆ ಒಳಗೆ ಬರುತ್ತಿತ್ತು.