ಬಾಯ್ಲರ್ ಕವರ್ ಬೇಕೇ, ಬೇಡವೇ? ಬ್ರಿಟನ್ನಿನಲ್ಲಿ ಮನೆ ಕೊಂಡವರಿಗೆ ನನ್ನ ಉತ್ತರ

ಬ್ರಿಟನ್ನಿನಲ್ಲಿ ಮೊದಲ ಮನೆ ಕೊಂಡ ಕನ್ನಡಿಗರು, ಮಾರ್ಟ್‌ಗೇಜಿನ ಕಾಗದಪತ್ರಗಳೆಲ್ಲ ಮುಗಿದು ಕೀಲಿಕೈ ಸಿಕ್ಕ ಮೇಲೆ, ಸಾಮಾನ್ಯವಾಗಿ ಅಕ್ಟೋಬರಿನ ಚಳಿ ಶುರುವಾಗುವ ಹೊತ್ತಿಗೆ, ನನ್ನನ್ನು ತಪ್ಪದೆ ಕೇಳುವ ಪ್ರಶ್ನೆ ಇದು: ಬಾಯ್ಲರ್ ಕೆಟ್ಟರೆ ರಿಪೇರಿಯ ಖರ್ಚು ಭರಿಸುವ ‘ಬಾಯ್ಲರ್ ಕವರ್’ ತೆಗೆದುಕೊಳ್ಳುವುದು ಒಳ್ಳೆಯದೇ? ಬಾಡಿಗೆ ಮನೆಯಲ್ಲಿರುವವರೆಗೆ ಈ ಯೋಚನೆ ಬರುವುದಿಲ್ಲ. ಇಂಗ್ಲೆಂಡಿನಲ್ಲಿ 1985ರ ಕಾಯ್ದೆಯೊಂದರ ಪ್ರಕಾರ ಮನೆಯನ್ನು ಬೆಚ್ಚಗಿಡುವ ಮತ್ತು ನೀರು ಕಾಯಿಸುವ ವ್ಯವಸ್ಥೆಯನ್ನು ಸುಸ್ಥಿತಿಯಲ್ಲಿಡುವುದು ಮಾಲೀಕನ ಹೊಣೆ. ಊರಿನಲ್ಲಿ ಗೀಸರ್ ಕೆಟ್ಟರೆ ಎರಡು ದಿನ ಒಲೆಯ ಮೇಲೆ ನೀರು ಕಾಯಿಸಿಕೊಂಡರೆ ನಡೆಯುತ್ತದೆ. ಇಲ್ಲಿ ಜನವರಿಯಲ್ಲಿ ಬಾಯ್ಲರ್ ನಿಂತರೆ ಸ್ನಾನದ ನೀರಿನ ಜೊತೆಗೆ ಮನೆಯ ರೇಡಿಯೇಟರುಗಳೆಲ್ಲವೂ ತಣ್ಣಗಾಗುತ್ತವೆ. ಹಾಗಾಗಿ ಪ್ರಶ್ನೆಯ ಹಿಂದಿರುವ ಭಯ ನನಗೆ ಅರ್ಥವಾಗುತ್ತದೆ. ಕವರ್ ಮಾರುವವರಿಗೂ ಅದು ಚೆನ್ನಾಗಿಯೇ ಅರ್ಥವಾಗಿದೆ.

ಬಹುಪಾಲು ಮಂದಿಗೆ ನಾನು ಹೇಳುವುದು ‘ಬೇಡ’ ಎಂದೇ. ಆದರೆ ಅದಕ್ಕೂ ಮೊದಲು ನಿಮ್ಮ ಬಾಯ್ಲರಿನ ವಯಸ್ಸೆಷ್ಟು ಎಂಬುದನ್ನು ತಿಳಿದುಕೊಳ್ಳಬೇಕು. ಅಳವಡಿಸಿದವರು ಕೈಪಿಡಿಯ ಕೊನೆಯ ಪುಟಗಳಲ್ಲಿ ದಿನಾಂಕ ಬರೆದಿರುತ್ತಾರೆ. ಇಲ್ಲವಾದರೆ ತಯಾರಕರಿಗೆ ಫೋನ್ ಮಾಡಿ ಸೀರಿಯಲ್ ನಂಬರ್ ಕೊಟ್ಟರೆ ವಯಸ್ಸಿನ ಜೊತೆಗೆ ವಾರಂಟಿ ಇನ್ನೂ ಜಾರಿಯಲ್ಲಿದೆಯೇ ಎಂಬುದನ್ನೂ ಕೇಳಿ ತಿಳಿಯಬಹುದು. ಇತ್ತೀಚಿನ ಬಾಯ್ಲರುಗಳಿಗೆ 5, 7, ಎಷ್ಟೋ ಬಾರಿ 10 ವರ್ಷಗಳ ವಾರಂಟಿ ಇರುತ್ತದೆ, ಆದರೆ ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ (ಗ್ಯಾಸಿನ ಕೆಲಸ ಮಾಡಲು ಅರ್ಹರಾದವರ ಅಧಿಕೃತ ಪಟ್ಟಿ) ನೋಂದಾಯಿತರಾದ ಎಂಜಿನಿಯರ್ ಒಬ್ಬರಿಂದ ಪ್ರತಿವರ್ಷ ಸರ್ವೀಸ್ ಮಾಡಿಸಿ ಅದರ ದಾಖಲೆ ಇಟ್ಟುಕೊಂಡಿರಬೇಕೆಂಬುದು ಅದರ ಷರತ್ತು. ವಾರಂಟಿ ಜೀವಂತವಾಗಿರುವ ಬಾಯ್ಲರಿಗೆ ಮತ್ತೊಂದು ಕವರ್ ಕೊಳ್ಳುವುದೆಂದರೆ ಒಂದೇ ರಿಪೇರಿಗೆ ಎರಡು ಬಾರಿ ಹಣ ಕೊಟ್ಟಂತೆ. ಕಟ್ಟಬೇಕೆಂದಿದ್ದ ಹಣದಲ್ಲಿ ವರ್ಷಕ್ಕೊಮ್ಮೆ ತಪ್ಪದೆ ಸರ್ವೀಸ್ ಮಾಡಿಸಿ. ವಾರಂಟಿ ಉಳಿಯುವುದು ಅದರಿಂದ.

ವಾರಂಟಿ ಮುಗಿದಿದ್ದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ತಿಂಗಳಿಗೆ 20 ಪೌಂಡಿನ ಕವರ್ ಎಂದುಕೊಳ್ಳಿ. ವರ್ಷಕ್ಕೆ 240 ಆಯಿತು. ಅದರಲ್ಲಿ ವಾರ್ಷಿಕ ಸರ್ವೀಸ್ ಸೇರಿದ್ದರೆ, ಹೊರಗೆ ಅದಕ್ಕೆ ಸುಮಾರು 100 ಪೌಂಡ್ ತಗಲುವುದರಿಂದ, ನಿಜವಾಗಿ ವಿಮೆಗೆಂದು ಕೊಡುತ್ತಿರುವುದು 140. ವಿಮೆಯ ಮೇಲೆ ಸರ್ಕಾರ ಶೇಕಡಾ 12ರ ತೆರಿಗೆ ವಿಧಿಸುವುದರಿಂದ, ಆ 240ರಲ್ಲಿ ಸುಮಾರು 26 ಪೌಂಡ್ ವಿಮಾ ಕಂಪನಿಗೂ ಸೇರುವುದಿಲ್ಲ. ಇನ್ನೊಂದು ಕಡೆ, ಬಾಯ್ಲರಿನೊಳಗಿನ ಡೈವರ್ಟರ್ ವಾಲ್ವ್, ಫ್ಯಾನ್ ಅಥವಾ ಸರ್ಕ್ಯೂಟ್ ಬೋರ್ಡಿನಂಥ ಬಿಡಿಭಾಗ ಬದಲಿಸಲು, ಕೂಲಿಯೂ ಸೇರಿ, ಸಾಮಾನ್ಯವಾಗಿ 200ರಿಂದ 500 ಪೌಂಡಿನವರೆಗೆ ಬೀಳುತ್ತದೆ. ಎಂದರೆ ಎರಡು ಮೂರು ವರ್ಷಕ್ಕೊಮ್ಮೆ ಅಂಥದೊಂದು ರಿಪೇರಿ ಬಂದರೆ ಮಾತ್ರ ಕಟ್ಟಿದ ಹಣ ಗಿಟ್ಟುತ್ತದೆ. ಸರಿಯಾಗಿ ಸರ್ವೀಸ್ ಆಗುತ್ತಿರುವ ಬಾಯ್ಲರ್ ಅಷ್ಟು ಬೇಗ ಬೇಗ ಕೆಡುವುದು ಅಪರೂಪ. ಹತ್ತು ವರ್ಷ ಹೀಗೆಯೇ ಕಟ್ಟಿದರೆ 2,400 ಪೌಂಡ್ ಆಗುತ್ತದೆ, ಆ ಮೊತ್ತಕ್ಕೆ ಅನೇಕ ಮನೆಗಳಲ್ಲಿ ಹೊಸ ಬಾಯ್ಲರನ್ನೇ ಹಾಕಿಸಬಹುದು.

ವಯಸ್ಸಾದ ಬಾಯ್ಲರಿಗಾದರೂ ಕವರ್ ಬೇಡವೇ ಎಂದು ಕೇಳುವವರು ಪಾಲಿಸಿಯ ಸಣ್ಣ ಅಕ್ಷರಗಳನ್ನು ಓದಿರುವುದಿಲ್ಲ. ಎಷ್ಟೋ ಕಂಪನಿಗಳು ಒಂದು ವಯಸ್ಸು ದಾಟಿದ ಬಾಯ್ಲರನ್ನು ಸೇರಿಸಿಕೊಳ್ಳುವುದೇ ಇಲ್ಲ. ಸೇರಿಸಿಕೊಂಡವರೂ, ಬಿಡಿಭಾಗ ಸಿಗದಿದ್ದರೆ ಅಥವಾ ರಿಪೇರಿಯ ಖರ್ಚು ಬಾಯ್ಲರಿನ ಬೆಲೆಯನ್ನೇ ಮೀರುವಂತಿದ್ದರೆ, ರಿಪೇರಿ ಲಾಭದಾಯಕವಲ್ಲವೆಂದು ತೀರ್ಮಾನಿಸಿ ಹೊಸದಕ್ಕೆ ಒಂದಿಷ್ಟು ಸಹಾಯಧನ ಕೊಟ್ಟು ಕೈತೊಳೆದುಕೊಳ್ಳಬಹುದು. ಪಾಲಿಸಿ ಶುರುವಾದ ಮೊದಲ ಎರಡು ವಾರದಿಂದ ಒಂದು ತಿಂಗಳವರೆಗೆ ಕ್ಲೇಮ್ ಮಾಡುವಂತಿಲ್ಲ ಎಂಬ ಷರತ್ತು ಸಾಮಾನ್ಯ. ಕೆಟ್ಟ ಮೇಲೆ ಅವಸರದಲ್ಲಿ ಕೊಂಡರೆ ಪ್ರಯೋಜನವಾಗದು. ಮೊದಲೇ ಇದ್ದ ದೋಷವನ್ನು ಭರಿಸುವುದಿಲ್ಲ. ರೇಡಿಯೇಟರುಗಳ ನೀರಿನಲ್ಲಿ ವರ್ಷಗಟ್ಟಲೆ ಶೇಖರವಾಗುವ ಕಪ್ಪು ರಾಡಿಯಿಂದಾದ ಹಾನಿ, ಸುಣ್ಣ ಕಟ್ಟಿಕೊಂಡು ಆದ ಹಾನಿ, ಇವನ್ನು ಅನೇಕ ಪಾಲಿಸಿಗಳು ಹೊರಗಿಡುತ್ತವೆ. ಲಂಡನ್ ಮತ್ತು ಆಗ್ನೇಯ ಇಂಗ್ಲೆಂಡಿನ ಗಡಸು ನೀರಿನಲ್ಲಿ ಸುಣ್ಣ ಕಟ್ಟುವುದೇ ದೊಡ್ಡ ತೊಂದರೆ; ನಮ್ಮವರು ಹೆಚ್ಚಾಗಿ ಮನೆ ಮಾಡಿರುವುದೂ ಆ ಕಡೆಯೇ. ಸ್ಕಾಟ್ಲೆಂಡಿನ ಮೆದು ನೀರಿನವರಿಗೆ ಈ ಚಿಂತೆ ಕಡಿಮೆ.

ಮತ್ತೊಂದು ಸಂಗತಿಯನ್ನು ಹೇಳಲೇಬೇಕು. ‘ಬಾಯ್ಲರ್ ಕೆಟ್ಟಿದೆ’ ಎಂದು ಗಾಬರಿಯಿಂದ ಫೋನ್ ಮಾಡುವವರಲ್ಲಿ ಎಷ್ಟೋ ಮಂದಿಯ ಬಾಯ್ಲರ್ ಕೆಟ್ಟಿರುವುದೇ ಇಲ್ಲ. ಪ್ರೆಶರ್ ಮಾಪಕ ಒಂದು ಬಾರ್‌ಗಿಂತ ಕೆಳಗಿಳಿದಿದ್ದರೆ ಕೈಪಿಡಿಯಲ್ಲಿ ಹೇಳಿರುವಂತೆ ಫಿಲ್ಲಿಂಗ್ ಲೂಪ್ (ಬಾಯ್ಲರಿಗೆ ನಲ್ಲಿ ನೀರು ತುಂಬಿಸುವ ಕೊಳವೆ) ತೆರೆದು, ಒಂದರಿಂದ ಒಂದೂವರೆ ಬಾರ್‌ವರೆಗೆ ನೀರು ತುಂಬಿಸಿ, ಮತ್ತೆ ಮುಚ್ಚಿದರೆ ಸಾಕು. ಕೊರೆಯುವ ಚಳಿಯ ಬೆಳಿಗ್ಗೆ ನಿಂತಿದ್ದರೆ ಮೊದಲು ಹೊರಗೋಡೆಯ ಮೇಲಿರುವ, ಬಾಯ್ಲರಿನಲ್ಲಿ ಸೇರುವ ತೇವದ ನೀರನ್ನು ಹೊರಬಿಡುವ ಕಂಡೆನ್ಸೇಟ್ ಪೈಪನ್ನು ನೋಡಬೇಕು. ಅದರೊಳಗಿನ ನೀರು ಹೆಪ್ಪುಗಟ್ಟಿದಾಗ ಬಾಯ್ಲರ್ ತಾನಾಗಿ ನಿಲ್ಲುತ್ತದೆ, ಪೈಪಿನ ಮೇಲೆ ಬಿಸಿನೀರು (ಕುದಿಯುವ ನೀರಲ್ಲ) ಸುರಿದು ರೀಸೆಟ್ ಒತ್ತಿದರೆ ಮತ್ತೆ ಹೊತ್ತಿಕೊಳ್ಳುತ್ತದೆ. ಮುಚ್ಚಳ ಬಿಚ್ಚುವ ಕೆಲಸಕ್ಕೆ ಮಾತ್ರ ಎಂದೂ ಕೈ ಹಾಕಬಾರದು. ಗ್ಯಾಸಿನ ವಾಸನೆ ಬಂದರೆ ಅದಕ್ಕೂ ಕವರಿಗೂ ಸಂಬಂಧವಿಲ್ಲ: ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ 0800 111 999ಕ್ಕೆ ಕರೆ ಮಾಡಿದರೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಬಂದು ಸೋರಿಕೆ ನಿಲ್ಲಿಸುತ್ತಾರೆ, ಬಾಯ್ಲರನ್ನು ಮಾತ್ರ ರಿಪೇರಿ ಮಾಡುವುದಿಲ್ಲ.

ಹಾಗಿದ್ದರೆ ಯಾರಿಗೆ ‘ತೆಗೆದುಕೊಳ್ಳಿ’ ಎನ್ನುತ್ತೇನೆ? ಕೂಡಿಟ್ಟದ್ದನ್ನೆಲ್ಲ ಮನೆ ಕೊಳ್ಳುವಾಗಿನ ಡಿಪಾಸಿಟ್ಟಿಗೆ ಸುರಿದು, ಈ ತಿಂಗಳು ಏಕಾಏಕಿ 400 ಪೌಂಡ್ ಹೊಂದಿಸುವುದೂ ಕಷ್ಟವೆನ್ನುವ, ವಾರಂಟಿ ಮುಗಿದ ಬಾಯ್ಲರಿನ ಮನೆಯವರಿಗೆ ಮೊದಲ ವರ್ಷದ ಮಟ್ಟಿಗೆ ಕವರ್ ಇರಲಿ ಎನ್ನುತ್ತೇನೆ. ವರ್ಷದೊಳಗೆ ಅಷ್ಟು ಹಣ ಬೇರೆ ತೆಗೆದಿಟ್ಟು ನಿಲ್ಲಿಸಿಬಿಡಬಹುದು. ಹಸುಗೂಸು ಅಥವಾ ವಯಸ್ಸಾದವರಿರುವ ಮನೆಯಲ್ಲಿ, ಬಾಯ್ಲರ್ ನಿಂತರೂ ನೀರು ಕಾಯಿಸಿಕೊಡುವ ಇಮರ್ಶನ್ ಹೀಟರ್ ಇಲ್ಲದ ಕಾಂಬಿ ಬಾಯ್ಲರಿದ್ದರೆ (ಟ್ಯಾಂಕಿಲ್ಲದೆ ಬೇಕಾದಾಗಲೇ ನೀರು ಕಾಯಿಸುವಂಥದು), ಬೇಗ ಬರುವ ಎಂಜಿನಿಯರಿಗಾಗಿ ಹಣ ಕೊಡುವುದರಲ್ಲಿ ಅರ್ಥವಿದೆ, ಬೇಗ ಬರುತ್ತೇವೆಂದು ಅವರು ಬರೆದುಕೊಟ್ಟಿದ್ದರೆ.

ನಾನು ಹಿಂದೆಮುಂದೆ ನೋಡದೆ ಹೌದೆನ್ನುವುದು ರೆಡಿಂಗ್‌ನಲ್ಲೋ ಸ್ಲೌನಲ್ಲೋ ಇರುವ ಮನೆಯನ್ನು ಬಾಡಿಗೆಗೆ ಕೊಟ್ಟು ಬೆಂಗಳೂರಿಗೆ ಮರಳಿದವರಿಗೆ, ಅದೂ ಮನೆ ನೋಡಿಕೊಳ್ಳಲು ಏಜೆಂಟರಿಲ್ಲದಿದ್ದರೆ. ಡಿಸೆಂಬರಿನ ರಾತ್ರಿ ಇಲ್ಲಿ ಬಾಡಿಗೆದಾರರು ಫೋನ್ ಮಾಡುವಾಗ ಅಲ್ಲಿ ಐದೂವರೆ ಗಂಟೆ ಮುಂದೆ, ಎಲ್ಲರೂ ಮಲಗಿರುವ ಹೊತ್ತು. ಅಲ್ಲಿಂದಲೇ ಇಲ್ಲಿನ ಎಂಜಿನಿಯರೊಬ್ಬರನ್ನು ಹುಡುಕಿ, ದರ ಒಪ್ಪಿ, ಹಣ ಕಳುಹಿಸುವುದು ಸುಲಭವಲ್ಲ. ಇವರು ಕೊಳ್ಳುತ್ತಿರುವುದು ರಿಪೇರಿಯ ಹಣವನ್ನಲ್ಲ, ಬಾಡಿಗೆದಾರರು ನೇರವಾಗಿ ಕರೆಯಬಹುದಾದ ಒಂದು ಫೋನ್ ನಂಬರನ್ನು. ಮನೆಮಾಲೀಕರಿಗೆಂದೇ ಇರುವ ಪಾಲಿಸಿಯನ್ನು ಅವರು ಕೊಳ್ಳಬೇಕು. ಸಾಮಾನ್ಯ ಪಾಲಿಸಿ ಬಾಡಿಗೆ ಮನೆಗೆ ಅನ್ವಯಿಸದೇ ಹೋಗಬಹುದು. 1998ರ ಅನಿಲ ಸುರಕ್ಷತಾ ನಿಯಮಗಳ ಪ್ರಕಾರ ಮಾಲೀಕರು ಪ್ರತಿವರ್ಷ ಮಾಡಿಸಲೇಬೇಕಾದ ತಪಾಸಣೆ ಅದರಲ್ಲಿ ಸೇರಿದೆಯೇ ಎಂದೂ ಕೇಳಬೇಕು, ಏಕೆಂದರೆ ಸರ್ವೀಸ್ ಬೇರೆ, ಆ ತಪಾಸಣೆಯ ಪತ್ರ ಬೇರೆ.

ಕೊಳ್ಳುವುದೆಂದು ತೀರ್ಮಾನಿಸಿದವರು ಮೊದಲು ತಮ್ಮ ಗೃಹವಿಮೆಯನ್ನೂ, ತಿಂಗಳ ಶುಲ್ಕ ಕಟ್ಟುವ ಬ್ಯಾಂಕ್ ಖಾತೆಯನ್ನೂ ತೆರೆದು ನೋಡಲಿ. ಹೋಮ್ ಎಮರ್ಜೆನ್ಸಿ ಎಂಬ ಹೆಸರಿನಲ್ಲಿ ಬಾಯ್ಲರ್ ಅಲ್ಲಿ ಆಗಲೇ ಸೇರಿರಬಹುದು. ಆಮೇಲೆ, ಕೈಯಲ್ಲಿರುವುದು ವಿಮೆಯೋ ಅಥವಾ ಬರಿಯ ಸರ್ವೀಸ್ ಒಪ್ಪಂದವೋ ಎಂದು ಕೇಳಬೇಕು. ವಿಮೆಯಾಗಿದ್ದರೆ ಜಗಳವಾದಾಗ ಹಣಕಾಸು ಕಂಪನಿಗಳ ಮೇಲಿನ ದೂರುಗಳನ್ನು ಬಗೆಹರಿಸುವ ಫೈನಾನ್ಶಿಯಲ್ ಓಂಬಡ್ಸ್‌ಮನ್‌ಗೆ ದೂರು ಕೊಡಬಹುದು, ಬರಿಯ ಸರ್ವೀಸ್ ಒಪ್ಪಂದಕ್ಕೆ ಸಾಮಾನ್ಯವಾಗಿ ಆ ದಾರಿ ಇರುವುದಿಲ್ಲ. ವಿಮೆಯ ಕಾಗದ ಕೈಸೇರಿದ ಮೇಲೆ ಮನಸ್ಸು ಬದಲಿಸಲು 14 ದಿನಗಳ ಅವಕಾಶವಿರುತ್ತದೆ. ಹೊರಗಿಟ್ಟಿರುವ ಸಂಗತಿಗಳ ಪುಟವನ್ನು ಆ ಅವಧಿಯೊಳಗೇ ಓದಿ ಮುಗಿಸಿ.