ಹೆಡ್‌ಮಾಸ್ಟರ ಹೆಸರಿನ ಚೀಟಿ

ಮೂವತ್ತೊಂದು ವರ್ಷ ಪಾಠ ಹೇಳಿದವಳು ನಾನು. ಯಾವ ಊರಿಗೆ ಹೋದರೂ ಮೊದಲು ಕಣ್ಣು ಹೋಗುವುದು ಶಾಲೆಯ ಕಡೆಗೇ. ಮಗಳ ಮನೆ ವರ್ಜೀನಿಯಾದ ರಿಚ್ಮಂಡ್‌ನಲ್ಲಿದೆ. ಕಳೆದ ಶನಿವಾರ ಅಳಿಯಂದಿರು, “ಅತ್ತೆ, ಫಾರ್ಮ್‌ವಿಲ್‌ನಲ್ಲಿ ಒಂದು ಹಳೆಯ ಹೈಸ್ಕೂಲು ಮ್ಯೂಸಿಯಂ ಆಗಿದೆ, ಬರುತ್ತೀರಾ?” ಎಂದಾಗ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟೆ.

ಮೋಟನ್ ಹೈಸ್ಕೂಲು. ಕಪ್ಪು ಮಕ್ಕಳಿಗೆಂದು 1939ರಲ್ಲಿ ಕಟ್ಟಿದ್ದು. 180 ಮಕ್ಕಳು ಹಿಡಿಸುವ ಜಾಗದಲ್ಲಿ ಹತ್ತು ವರ್ಷ ಕಳೆಯುವಷ್ಟರಲ್ಲಿ 450 ಮಕ್ಕಳು. ಹೆಚ್ಚಾದವರಿಗೆ ಅಂಗಳದಲ್ಲಿ ಡಾಂಬರು ಕಾಗದ ಹೊದಿಸಿದ ಶೆಡ್ಡುಗಳು; ಕೋಳಿಗೂಡು ಎಂದು ಕರೆಯುತ್ತಿದ್ದರಂತೆ. ಚಳಿಗಾಲದಲ್ಲಿ ಒಲೆಯ ಪಕ್ಕದವನು ಬೇಯಬೇಕು, ದೂರದವನು ಕೋಟು ಬಿಚ್ಚುವಂತಿಲ್ಲ. ಮಳೆ ಬಂದರೆ ಸೂರು ಸೋರುತ್ತಿತ್ತು.

1951ರ ಏಪ್ರಿಲ್ 23. ಇಲ್ಲಿನ ವಿದ್ಯಾರ್ಥಿನಿ ಬಾರ್ಬರಾ ಜಾನ್ಸ್‌ಗೆ ಆಗ ಹದಿನಾರು. ಅವಳೂ ಜೊತೆಯ ವಿದ್ಯಾರ್ಥಿಗಳೂ ಸೇರಿ ಸುಳ್ಳು ಫೋನು ಮಾಡಿಸಿ ಹೆಡ್‌ಮಾಸ್ಟರನ್ನು ಪೇಟೆಗೆ ಓಡಿಸಿದರು. ಹೆಡ್‌ಮಾಸ್ಟರ ಹೆಸರಿನ ಸುಳ್ಳು ಚೀಟಿ ಎಲ್ಲ ತರಗತಿಗೂ ಹೋಯಿತು: ಸಭಾಂಗಣಕ್ಕೆ ಬನ್ನಿ. ಪರದೆ ಸರಿದಾಗ ವೇದಿಕೆಯ ಮೇಲೆ ಈ ಹುಡುಗಿ! ಅಂದೇ ಮುಷ್ಕರ ಶುರು, ಎರಡು ವಾರ. ಮಕ್ಕಳು ಕೇಳಿದ್ದು ಒಳ್ಳೆಯ ಕಟ್ಟಡ. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆಯ ವಕೀಲರು, ಕಪ್ಪು-ಬಿಳಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಎಂಬುದನ್ನೇ ಪ್ರಶ್ನಿಸುವುದಾದರೆ ಮಾತ್ರ ಮೊಕದ್ದಮೆ ಹಿಡಿಯುತ್ತೇವೆ ಎಂದರು. ಆ ಮೊಕದ್ದಮೆಯೂ ಸೇರಿ, ಬಣ್ಣ ನೋಡಿ ಶಾಲೆ ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧ ಎಂಬ ಸುಪ್ರೀಂ ಕೋರ್ಟಿನ 1954ರ ಬ್ರೌನ್ ತೀರ್ಪು ಬಂತು.

ಅರ್ಕಾನ್ಸಾ ರಾಜ್ಯದ ಲಿಟಲ್ ರಾಕ್‌ನಲ್ಲಿ ಕಪ್ಪು ಮಕ್ಕಳು ಬಿಳಿಯರ ಶಾಲೆಗೆ ಸೇರುವಾಗ ಆದ ಗಲಾಟೆ, ಬಂದ ಸೈನಿಕರು ಎಲ್ಲರಿಗೂ ಗೊತ್ತು. ಫಾರ್ಮ್‌ವಿಲ್ ಇರುವ ಪ್ರಿನ್ಸ್ ಎಡ್ವರ್ಡ್ ಕೌಂಟಿಯ, ಅಂದರೆ ಜಿಲ್ಲೆಯ, ಆಡಳಿತದವರಿಗೆ ಅಷ್ಟೆಲ್ಲ ಬೇಕಾಗಲಿಲ್ಲ. ಕಪ್ಪು ಮಕ್ಕಳನ್ನು ಜೊತೆಗೆ ಕೂರಿಸಲೇಬೇಕು ಎಂದು ಕೋರ್ಟು ಹೇಳಿದಾಗ, 1959ರಲ್ಲಿ ಶಾಲೆಗಳಿಗೆ ಹಣವನ್ನೇ ಇಡಲಿಲ್ಲ. ಇದ್ದ ಸರ್ಕಾರಿ ಶಾಲೆಗಳೆಲ್ಲ ಬಂದ್. ಬಿಳಿಯರ ಮಕ್ಕಳಿಗೆ ಖಾಸಗಿ ಅಕಾಡೆಮಿ ತೆರೆದುಕೊಂಡಿತು. ಕಪ್ಪು ಮಕ್ಕಳಲ್ಲಿ ಕೆಲವರು ಬೇರೆ ರಾಜ್ಯದ ನೆಂಟರ ಮನೆ ಸೇರಿದರು, ಕೆಲವರು ಮತ್ತೆ ಪುಸ್ತಕವನ್ನೇ ಮುಟ್ಟಲಿಲ್ಲ. 1964ರಲ್ಲಿ ಸುಪ್ರೀಂ ಕೋರ್ಟು ಹೇಳುವವರೆಗೆ ಸರ್ಕಾರಿ ಶಾಲೆ ತೆರೆಯಲಿಲ್ಲ. ಒಂದನೇ ತರಗತಿಗೆ ಸೇರಬೇಕಿದ್ದ ಆರು ವರ್ಷದ ಮಗುವಿಗೆ ಅಷ್ಟರಲ್ಲಿ ಹನ್ನೊಂದು. ಅದನ್ನು ಯಾವ ತರಗತಿಯಲ್ಲಿ ಕೂರಿಸುವುದು? ಸಭಾಂಗಣದಲ್ಲಿ ಕೂತು ಇದೇ ಲೆಕ್ಕ ಹಾಕುತ್ತಿದ್ದೆ.

ಕಾರಿನಲ್ಲಿ ಅಳಿಯಂದಿರು ನಗುತ್ತಾ ಕೇಳಿದರು, “ನಿಮ್ಮ ಹೆಸರಿನಲ್ಲಿ ಯಾರಾದರೂ ಹಾಗೆ ಚೀಟಿ ಕಳಿಸಿದ್ದರೆ?”

“ಅಪ್ಪನನ್ನು ಕರೆಸುತ್ತಿದ್ದೆ” ಎಂದೆ. ಸುಳ್ಳಲ್ಲ, ಕರೆಸುತ್ತಿದ್ದೆ. ಬಾರ್ಬರಾಳನ್ನು ಮನೆಯವರು ಪ್ರಾಣಭಯದಿಂದ ಅಲಬಾಮಾದ ದೊಡ್ಡಪ್ಪನ ಮನೆಗೆ ಕಳಿಸಿದರು. ಆ ಹೆಡ್‌ಮಾಸ್ಟರಿಗೆ ಮುಂದಿನ ವರ್ಷಕ್ಕೆ ಕೆಲಸ ಇರಲಿಲ್ಲ.