ಕೋಡಿಗೆ ಚೀಲ ಪೇರಿಸಿದ ರಾತ್ರಿ

2021ರ ನವೆಂಬರ್ ಮಳೆ ನಮ್ಮ ಕೋಲಾರ ಜಿಲ್ಲೆಯವರು ಯಾರೂ ಮರೆತಿರಲಿಕ್ಕಿಲ್ಲ. ವರ್ಷಾನುಗಟ್ಟಲೆ ಜಾಲಿ ಮುಳ್ಳು ಬೆಳೆದುಕೊಂಡು, ಹುಡುಗರು ಕ್ರಿಕೆಟ್ ಆಡುವ ಬಯಲಾಗಿದ್ದ ನಮ್ಮೂರ ಕೆರೆ ತುಂಬಿ ಕೋಡಿ ಬಿತ್ತು, ಅಂದರೆ ಹೆಚ್ಚಾದ ನೀರು ಹೊರಹೋಗಲು ಬಿಟ್ಟ ಕಟ್ಟೆಯ ಮೇಲೆ ಹರಿಯಿತು. ಗಂಗಮ್ಮನಿಗೆ ಪೂಜೆಯೂ ಆಯಿತು. ಆಮೇಲೆ ಶುರುವಾಯಿತು ನೋಡಿ ಹೊಟ್ಟೆಯುರಿ, ಇಷ್ಟೊಂದು ನೀರು ಸುಮ್ನೆ ಕೆಳಗಿನ ಊರಿಗೆ ಹೋಗ್ತಿದೆಯಲ್ಲ ಅಂತ. ರಾತ್ರೋರಾತ್ರಿ ಕೋಡಿಗೆ ಮರಳು ಚೀಲ ಪೇರಿಸಿದೆವು. ನಾನೂ ನಾಲ್ಕು ಚೀಲ ಹೊತ್ತೆ, ಸುಳ್ಳು ಯಾಕೆ ಹೇಳಲಿ.

ಬೆಳಗ್ಗೆ ಕೆರೆ ನೀರು ನೋಡಿಕೊಳ್ಳುವ ನೀರುಗಂಟಿ ತಾತ ಬಂದು ಎಲ್ಲರನ್ನೂ ಕೆರೆಯ ಏರಿ, ಅಂದರೆ ಮಣ್ಣಿನ ಕಟ್ಟೆಯ, ಹಿಂದಕ್ಕೆ ಕರೆದುಕೊಂಡು ಹೋದರು. ಗದ್ದೆಗೆ ನೀರು ಬಿಡುವ ತೂಬಿನಿಂದ ಹತ್ತು ಹೆಜ್ಜೆ ಆಚೆ, ಏರಿಯ ಬುಡದಲ್ಲಿ ಬಳೆಯಷ್ಟು ಅಗಲಕ್ಕೆ ನೀರು ಬುಗ್ಗೆ ಏಳುತ್ತಿತ್ತು. ತಾತ ಬೊಗಸೆಯಲ್ಲಿ ಹಿಡಿದು ತೋರಿಸಿದರು. "ತಿಳಿಯಾಗಿದ್ರೆ ಬಿಟ್ಟುಬಿಡ್ತಿದ್ದೆ ಕಣಪ್ಪ. ಮಣ್ಣಿನ ಏರಿ ಅಂದ್ಮೇಲೆ ಬೆವರುತ್ತೆ. ಇದು ಕೆಂಪಗೈತೆ, ಒಳಗಿನ ಮಣ್ಣು ಕರಗಿ ಬರ್ತೈತೆ."

ಹಳೇ ಹೆಗ್ಗಣದ ಬಿಲವೋ, ಕೊಳೆತ ಜಾಲಿ ಬೇರೋ, ಯಾವುದು ದಾರಿ ಮಾಡಿತ್ತೋ ಗೊತ್ತಿಲ್ಲ. ಹೂಳೆತ್ತಲು ಬಂದಿದ್ದ ಗುತ್ತಿಗೆದಾರ ಏರಿ ಬುಡದ ಜೇಡಿಮಣ್ಣನ್ನೂ ಬಿಡದೆ ಕೆರೆದುಕೊಂಡು ಹೋಗಿದ್ದ, ಅದು ಬೇರೆ. ಅದರ ಮೇಲೆ ನಾವು ನೀರಿನ ಮಟ್ಟ ಏರಿಸಿ ಒತ್ತಡ ಜಾಸ್ತಿ ಮಾಡಿದ್ದೆವು.

ಹುಡುಗರು ಮಣ್ಣು ತಂದು ತೂತು ಮುಚ್ಚಲು ಹೋದರು. ತಾತ ಬೈದರು. ಇಲ್ಲಿ ಮುಚ್ಚಿದರೆ ನೀರು ಇನ್ನೊಂದು ಕಡೆ ಕೊರೆಯುತ್ತದಂತೆ. ಬುಗ್ಗೆ ಸುತ್ತ ಬಾವಿಕಟ್ಟೆ ಥರ ಚೀಲ ಜೋಡಿಸಿ, ಒಳಗೆ ಮೊದಲು ಮರಳು, ಅದರ ಮೇಲೆ ಜಲ್ಲಿ ಸುರಿಸಿದರು. ನೀರು ಬರುತ್ತಲೇ ಇತ್ತು, ಮಣ್ಣು ಮಾತ್ರ ನಿಂತಿತು. ಸಂಜೆಗೆ ತಿಳಿಯಾಯಿತು. ಚೀಲ ಎಲ್ಲಿಂದ ತಂದೆವು ಅಂತೀರಾ? ಕೋಡಿಯಿಂದಲೇ.

ಕೋಡಿ ಕಲ್ಲಿನದು, ಅದರ ಮೇಲೆ ನೀರು ಎಷ್ಟು ಹರಿದರೂ ತಡೆಯುತ್ತದೆ. ಏರಿ ಮಣ್ಣಿನದು. ಅದರ ತಲೆ ಮೇಲೆ ನೀರು ಹತ್ತಿದರೆ ಕೊಚ್ಚಿ ಹೋಗಲು ಹೆಚ್ಚು ಹೊತ್ತು ಬೇಡ, ಕೆಳಗಿನ ಕೆರೆಗೂ ಅದೇ ಗತಿ. ಅದಕ್ಕೇ ಹಿಂದಿನವರು ಕೋಡಿಯನ್ನು ಏರಿಗಿಂತ ತಗ್ಗಿಗೆ ಕಟ್ಟಿದ್ದು.

ಮೊದಲೆಲ್ಲ ಸುಗ್ಗಿಯಲ್ಲಿ ನೀರುಗಂಟಿಗೆ ಕಾಳು ಅಳೆದು ಕೊಡುತ್ತಿದ್ದರಂತೆ. ಬೋರ್‌ವೆಲ್ ಬಂದ ಮೇಲೆ ಅದು ನಿಂತಿತು. ಆ ವರ್ಷ ನಮ್ಮಪ್ಪ ಒಂದು ಮೂಟೆ ರಾಗಿ ತಾತನ ಮನೆಗೆ ಇಳಿಸಿ ಬಂದರು. ತಾತ ಮಾತ್ರ ಮೊದಲು ಕೇಳಿದ್ದು, "ಏರಿ ಮೇಲಿನ ಜಾಲಿ ಯಾವಾಗ ಕಡೀತೀರ?"